ಕೋಲಾ ಕಾಯಿಗೆ ಕನ್ನಡ ಬರುವುದಿಲ್ಲ

ಕುವೈತಿಗೆ ಹೋಗಿಬಂದವರು ಮರಳಿನ ಮಾತಾಡುತ್ತಾರೆ, ಇಲ್ಲವೇ ಚಿನ್ನದ ಮಾತಾಡುತ್ತಾರೆ. ನಾನು ಅಲ್ಲಿಗೆ ಹೋಗಿ ನೋಡಿಬಂದದ್ದು ನೈಜೀರಿಯಾದ ಒಂದು ಹಳ್ಳಿಯನ್ನು. ಅದು ಅಲ್ಲಿನ ಸಾಲ್ಮಿಯಾ ಬಡಾವಣೆಯ ಒಂದು ಕಟ್ಟಡದ ಏಳನೇ ಮಹಡಿಯಲ್ಲಿತ್ತು. ಲಿಫ್ಟು ಕೆಟ್ಟಿದ್ದರೆ ಹತ್ತಿ ಹೋಗಬೇಕು.

ಮಂಡ್ಯದ ಹೈಸ್ಕೂಲೊಂದರಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದ ಮೇಲೆ ಸುಮ್ಮನಿರಲಾರದೆ ನಾನೊಂದು ಅನುವಾದಕ್ಕೆ ಕೈಹಾಕಿದ್ದೆ. ಇಗ್ಬೊ ಎಂಬ ನೈಜೀರಿಯಾದ ಜನಾಂಗದ ಹಳೆಯ ಹಳ್ಳಿ ಬದುಕಿನ ಮೇಲೆ ಅಲ್ಲಿನ ಹೆಣ್ಣುಮಗಳೊಬ್ಬಳು ಇಂಗ್ಲಿಷಿನಲ್ಲಿ ಬರೆದ ಕಾದಂಬರಿ. ನನ್ನ ಕೈಗೆ ಸಿಕ್ಕಿದ ಮೇಲೆ ಆ ಹಳ್ಳಿ ನಿಧಾನವಾಗಿ ಮದ್ದೂರಿನ ಕಡೆಗೆ ಸರಿಯತೊಡಗಿತು. ಅವರ ಯಾಮ್ ಗೆಡ್ಡೆ ನನ್ನಲ್ಲಿ ಸುವರ್ಣಗೆಡ್ಡೆಯಾಯಿತು. ಪ್ರತಿಯೊಬ್ಬರಿಗೂ ಹುಟ್ಟಿನಿಂದ ಒಂದೊಂದು ಸ್ವಂತ ದೈವ ಇರುತ್ತದೆ ಎಂದು ಅವರ ನಂಬಿಕೆ. ನಾನು ಅದನ್ನು ಮನೆದೇವರು ಎಂದು ಬರೆದು ಇಡೀ ಕುಟುಂಬಕ್ಕೆ ಒಂದನ್ನೇ ಹಂಚಿದ್ದೆ. ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕೋಲಾ ಕಾಯಿ. ಕಾದಂಬರಿಯಲ್ಲಿ ಯಾರ ಮನೆಗೆ ಯಾರು ಬಂದರೂ ಮೊದಲು ಮರದ ತಟ್ಟೆಯಲ್ಲಿ ಈ ಕಾಯಿ ಬರಬೇಕು. ತಟ್ಟೆ ಎಲ್ಲರ ಮುಂದೆ ಸುತ್ತಿ ಯಜಮಾನನ ಕೈಗೇ ವಾಪಸಾಗಬೇಕು, ಹಿರಿಯರು ಪ್ರಾರ್ಥನೆ ಮಾಡಿ ಒಡೆಯಬೇಕು. ಅಲ್ಲಿಯವರೆಗೆ ಬಂದ ವಿಷಯವನ್ನು ಯಾರೂ ಎತ್ತುವಂತಿಲ್ಲ.

ನಾನು ಇದನ್ನು ಅಡಿಕೆ ಎಂದು ಬರೆದೆ. ಪ್ರಕಾಶಕರೂ ಒಪ್ಪಿದರು. "ಕೋಲಾ ಅಂತ ಹಾಕಿದ್ರೆ ಜನ ಬಾಟ್ಲಿ ಅಂದ್ಕೋತಾರೆ ಮೇಡಂ, ಅಡಿಕೇನೇ ಇರ್ಲಿ" ಎಂದರು. ಆದರೂ ಒಳಗೊಳಗೇ ಕಸಿವಿಸಿ. ಕಾಣದ ಕಾಯಿಯನ್ನು ಎಷ್ಟು ಪುಟ ಅಂತ ಹಂಚುವುದು?

ಆಗ ಕುವೈತಿನಿಂದ ತಂಗಿ ವಸಂತ ಫೋನು ಮಾಡಿದಳು. "ನಮ್ಮ ಯಜಮಾನ್ರ ಜೊತೆ ಕೆಲ್ಸ ಮಾಡೋರೊಬ್ರು ಅದೇ ಜನ ಕಣಕ್ಕ. ನಮ್ ಬಿಲ್ಡಿಂಗಲ್ಲೇ ಅವ್ರೆ. ಅಲ್ ಕೂತ್ಕೊಂಡು ಯಾಕ್ ತಲೆ ಕೆರ್ಕೋತೀಯ, ಬಂದ್ಬುಡು."

ಬಂದುಬಿಟ್ಟೆ.

ಸಾಲ್ಮಿಯಾ, ಐದನೇ ಮಹಡಿ

ತಂಗಿಯ ಮನೆಯಲ್ಲಿ ಚಳಿಗಾಲದಲ್ಲೂ ಏಸಿ ಓಡುತ್ತದೆ. ನಾನು ಸ್ವೆಟರು, ಶಾಲು, ಕಾಲುಚೀಲ ಎಲ್ಲ ತೊಟ್ಟು ಸೋಫಾದ ಮೇಲೆ ಕೂತಿದ್ದೆ. ಕಿಟಕಿಯಾಚೆ ಸಮುದ್ರ. ಒಂದು ಕಟ್ಟು ಕೊತ್ತಂಬರಿ ಬೇಕಾದರೂ ಕೆಳಗಿನ ಅಂಗಡಿಗೆ ಫೋನು ಮಾಡಿದರೆ ಸಾಕು, ಮಲಯಾಳಿಯೊಬ್ಬ ಬಾಗಿಲಿಗೇ ತಂದುಕೊಡುತ್ತಾನೆ. ಮಂಡ್ಯದಲ್ಲಿ ಕೊತ್ತಂಬರಿಗೆಂದು ಹೊರಟರೆ ನನಗೆ ಎರಡು ಸಾವಿನ ಸುದ್ದಿ, ಒಂದು ಮದುವೆಯ ಸುದ್ದಿ ಜೊತೆಗೆ ಸಿಗುತ್ತದೆ. ಇಲ್ಲಿ ಬರೀ ಕೊತ್ತಂಬರಿ.

ಸುದ್ದಿಯನ್ನು ಮನೆಯೊಳಗೆ ಹುಟ್ಟಿಸೋಣವೆಂದರೆ ವಸಂತಳ ಗಂಡ ರಾಜೇಗೌಡರು ಮಾತಾಡುವವರಲ್ಲ. ಶುಐಬಾದ ಒಂದು ಕಾರ್ಖಾನೆಯಲ್ಲಿ ಎಂಜಿನಿಯರು. ಬೆಳಗ್ಗೆ ಹೊರಡುವಾಗ "ಯಲ್ಲಾ," ಊಟದಲ್ಲಿ "ಸಾಕು," ಮಲಗುವಾಗ "ಖಲಾಸ್." ಅಷ್ಟು ಮಾತಿನಲ್ಲಿ ಅವರ ಸಂಸಾರ ನಡೆದುಬಂದಿದೆ. ಅವರಿಗಿದ್ದ ಒಂದೇ ಚಟ ಅಡಿಕೆ ಜಗಿಯುವುದು. ಹಲ್ಲಿನ ಡಾಕ್ಟರು ಅದನ್ನೂ ಬಿಡಿಸಿದ್ದರು. ನಾನು ಬಂದ ದಿನ ನನ್ನ ಚೀಲಗಳನ್ನು ಒಂದೊಂದಾಗಿ ಆಸೆಯಿಂದ ನೋಡಿದರು. ಅಡಿಕೆ ತಂದರೆ ವಾಪಸು ಕಳಿಸುತ್ತೇನೆಂದು ವಸಂತ ಮೊದಲೇ ಬೆದರಿಸಿದ್ದಳು, ನಾನು ತಂದಿರಲಿಲ್ಲ. ಪಾಪ, ಅವರು ಚಕ್ಕುಲಿ ಡಬ್ಬಿ ಎತ್ತಿಕೊಂಡು ಒಳಗೆ ಹೋದರು.

ಅವರ ಮಗಳು ಅನನ್ಯ ಕಾಲೇಜಿಗೆ ಹೋಗುವವಳು. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಹೇಳುತ್ತಾಳೆ. ಕೋಲಾ ಕಾಯಿ ನೋಡಲು ಬಂದಿದ್ದೇನೆ ಎಂದಾಗ, "ದೊಡ್ಡಮ್ಮಾ, ವೈ ಡೋಂಟ್ ಯು ಜಸ್ಟ್ ಸರ್ಚ್ ಆನ್‌ಲೈನ್?" ಎಂದಳು.

"ಫೋನ್ ನೆಕ್ಕುದ್ರೆ ರುಚಿ ಗೊತ್ತಾಯ್ತದೇನೇ?" ಎಂದೆ.

ಸಾಲ್ಮಿಯಾ, ಏಳನೇ ಮಹಡಿ

ಬುಧವಾರ ಸಂಜೆ ಏಳನೇ ಮಹಡಿಯ ನ್ಗೋಜಿ ನನ್ನನ್ನು ಊಟಕ್ಕೆ ಕರೆದಳು. ರಾಜೇಗೌಡರ ಸಹೋದ್ಯೋಗಿ ಎಮೆಕಾನ ಹೆಂಡತಿ. ಇಲ್ಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಾಳೆ. ನನ್ನನ್ನು "ಆಂಟಿ" ಎಂದಳು. ಅವರಲ್ಲೂ ವಯಸ್ಸಾದವರೆಲ್ಲ ಆಂಟಿಯರೇ ಎಂದು ತಿಳಿದು ನನಗೆ ಪ್ರಯಾಣದ ಅರ್ಧ ಸುಸ್ತು ಇಳಿಯಿತು. ನಮ್ಮ ಮಾತೆಲ್ಲ ನಡೆದದ್ದು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ನನ್ನ ಕನ್ನಡಕ್ಕೆ ಬಂದವರೆಲ್ಲ ಸ್ವಲ್ಪ ಮಂಡ್ಯದವರಾಗುವುದು ಹಳೆಯ ಕಾಯಿಲೆ, ಕ್ಷಮಿಸಬೇಕು.

ಕಾದಂಬರಿಯಲ್ಲಿ ಯಾಮ್ ಗೆಡ್ಡೆ ಕುಟ್ಟುವ ಸದ್ದು ಊರಿಗೆಲ್ಲ ಕೇಳುತ್ತದೆ. ನ್ಗೋಜಿ ಮಿಕ್ಸಿಯಂಥ ಒಂದು ಯಂತ್ರದಲ್ಲಿ ಅದನ್ನು ತಿರುವುತ್ತಿದ್ದಳು. "ಮೊದಲು ಒರಳಲ್ಲೇ ಕುಟ್ಟುತ್ತಿದ್ದೆ ಆಂಟಿ. ಕೆಳಗಿನ ಮನೆಯವರು ಪೊರಕೆ ಹಿಡಿ ತಗೊಂಡು ಸೂರಿಗೆ ಕುಟ್ಟೋಕೆ ಶುರು ಮಾಡಿದರು. ನಾನು ಮೇಲಿಂದ, ಅವರು ಕೆಳಗಿಂದ. ಕೊನೆಗೆ ಎಮೆಕಾ ಈ ಯಂತ್ರ ತಂದ."

ಬೆಳ್ಳಗೆ ಉಂಡೆ ಕಟ್ಟಿದ ಗೆಡ್ಡೆ ತಟ್ಟೆಗೆ ಬಂತು. ಪಕ್ಕದಲ್ಲಿ ಬೆಂಡೆಕಾಯಿ, ಒಣಮೀನು ಹಾಕಿದ ಲೋಳೆ ಲೋಳೆ ಸಾರು. ನ್ಗೋಜಿಯೂ ಅವಳ ಮಗಳು ಅಡಾಳೂ ನನ್ನ ಕೈಯನ್ನೇ ನೋಡುತ್ತಿದ್ದರು. ಪರದೇಶದವರು ಇದನ್ನು ಅಗಿಯಲು ಹೋಗಿ ಬಾಯಿಗೆಲ್ಲ ಮೆತ್ತಿಕೊಂಡು ಒದ್ದಾಡುತ್ತಾರಂತೆ. ನನಗೆ ನಗು ಬಂತು. ಹುಟ್ಟಿದಾಗಿನಿಂದ ರಾಗಿಮುದ್ದೆ ಉಂಡವಳ ಮುಂದೆ ಈ ಪರೀಕ್ಷೆಯೇ? ಒಂದು ತುತ್ತು ಮುರಿದೆ, ಸಾರಿನಲ್ಲಿ ಹೊರಳಿಸಿದೆ, ಹಲ್ಲಿಗೆ ತಾಗಿಸದೆ ಗುಳಕ್ಕೆಂದು ನುಂಗಿದೆ. ನ್ಗೋಜಿ ಚಪ್ಪಾಳೆ ತಟ್ಟಿದಳು. "ಅಡಾ, ನೋಡೇ! ಆಂಟಿ ನಮ್ಮೂರವರೇ!"

ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು. ಒಂದು ತುತ್ತು ನುಂಗಿದ್ದಕ್ಕೆ ಇಡೀ ಇಗ್ಬೊ ನಾಡೇ ನನ್ನ ಹೊಟ್ಟೆಯಲ್ಲಿದೆ ಎಂಬ ಠೇಂಕಾರ ಬಂತು.

ಊಟದ ಜೊತೆಗೆ ಮನೆಯ ಸುದ್ದಿಯೂ ಬಂತು, ಕೊನೆಗೂ. ಅಡಾ ಆಸ್ಪತ್ರೆಯಲ್ಲಿ ನರ್ಸು. ಇಲ್ಲೇ ಬ್ಯಾಂಕಿನಲ್ಲಿರುವ ಒಬಿನ್ನಾ ಎಂಬ ಹುಡುಗನನ್ನು ಮೆಚ್ಚಿದ್ದಾಳೆ. ಶುಕ್ರವಾರ ಸಂಜೆ ಹುಡುಗನ ಕಡೆಯವರು ಕೇಳಲು ಬರುತ್ತಾರೆ. ಅದಕ್ಕೆ ಅವರಲ್ಲಿ ಬಾಗಿಲು ತಟ್ಟುವ ಶಾಸ್ತ್ರ ಎನ್ನುತ್ತಾರೆ. ಹುಡುಗನಿಗೆ ತಂದೆಯಿಲ್ಲ. ದೊಡ್ಡಪ್ಪ ಅದಕ್ಕೆಂದೇ ಊರಿಂದ ಬಂದಿದ್ದಾರೆ, ಶನಿವಾರ ಹೊರಟುಬಿಡುತ್ತಾರೆ. "ಬಹಳ ಶಾಸ್ತ್ರದ ಮನುಷ್ಯ" ಎಂದು ನ್ಗೋಜಿ ನಿಟ್ಟುಸಿರಿಟ್ಟಳು. ಅಡಾ ತಲೆ ತಗ್ಗಿಸಿ ಸಾರು ಕಲಕುತ್ತಿದ್ದಳು.

ಹೊರಟು ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದೆ. "ಆಂಟಿ, ನಿಲ್ಲಿ, ಮರೆತೇಬಿಟ್ಟೆ!" ಎನ್ನುತ್ತ ನ್ಗೋಜಿ ಒಳಗೆ ಓಡಿದಳು. ಮರದ ತಟ್ಟೆಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಂದು ನನ್ನ ಮುಂದೆ ಚಾಚಿದಳು. ತಟ್ಟೆಯಲ್ಲಿ ನಾಲ್ಕು ಕಾಯಿ. ನೆನೆಸಿದ ಹಲಸಿನ ಬೀಜದಂತೆ ದುಂಡಗೆ, ನಸುಗೆಂಪು. "ಇದೇ ಕೋಲಾ" ಎಂದಳು.

ಈಗ ನೀವೇ ಹೇಳಿ. ಊಟ ಮಾಡಿ ಹೊರಟ ಹೆಂಗಸನ್ನು ಹೊಸಿಲ ಬಳಿ ನಿಲ್ಲಿಸಿ, ಮನೆಯಾಕೆ ತಟ್ಟೆ ಹಿಡಿದು ಬಂದರೆ ಅದರ ಅರ್ಥವೇನು? ನನ್ನ ತಲೆಯಲ್ಲಿ ಕಾದಂಬರಿ ಇತ್ತು, ತಟ್ಟೆ ಯಜಮಾನನ ಕೈಗೇ ವಾಪಸಾಗಬೇಕೆಂಬ ವಾಕ್ಯವನ್ನು ನಾನೇ ಬರೆದಿದ್ದೆ. ಆದರೆ ಕೈ ನನ್ನ ಅಮ್ಮನದು. ತಾಂಬೂಲ ಬೇಡವೆನ್ನಬಾರದು, ತಟ್ಟೆಯಲ್ಲಿ ಏನನ್ನೂ ಬಿಡಬಾರದು ಎಂದು ಬಾಲ್ಯದಲ್ಲೇ ಅದಕ್ಕೆ ಪಾಠವಾಗಿತ್ತು. ನಾಲ್ಕನ್ನೂ ತೆಗೆದು, ಕಣ್ಣಿಗೊತ್ತಿಕೊಂಡು, ವ್ಯಾನಿಟಿ ಬ್ಯಾಗಿಗೆ ಹಾಕಿ ಜಿಪ್ಪು ಎಳೆದೆ.

ನ್ಗೋಜಿಯ ಕಣ್ಣು ಅಗಲವಾಯಿತು. ಪ್ರೀತಿಯಿಂದ ಇರಬೇಕೆಂದುಕೊಂಡೆ. "ಓ... ಸರಿ ಆಂಟಿ" ಎಂದಳು.

ಐದನೇ ಮಹಡಿಗೆ ಇಳಿದವಳೇ ಕಾಯಿಗಳನ್ನು ವಸಂತಳ ದೇವರ ಗೂಡಿನಲ್ಲಿಟ್ಟೆ. ಅರಿಶಿನ ಕುಂಕುಮ ಹಚ್ಚಿ, ದೀಪ ಹೊತ್ತಿಸಿ, ಬೇಡಿಕೊಂಡು ಕೈಮುಗಿದೆ. ಅವತ್ತು ಒಳ್ಳೆಯ ನಿದ್ದೆ ಬಂತು.

ವಫ್ರಾ

ಶುಕ್ರವಾರ ರಜೆ. ತಾಜಾ ತರಕಾರಿಗೆಂದು ದಕ್ಷಿಣದ ವಫ್ರಾಕ್ಕೆ ಹೋಗುವುದೆಂದಾಯಿತು. ಮರಳಿನ ನಡುವೆ ದಾರಿ ಚಾಚಿ ಮಲಗಿದೆ, ಒಂಟೆಗಳು ಪುರಸಭೆಯ ದನಗಳಂತೆ ಯಾರಿಗೂ ಜಗ್ಗದೆ ನಿಂತಿವೆ. ಆದರೆ ಅವತ್ತಿನ ವಿಶೇಷ ಕಾರಿನ ಒಳಗಿತ್ತು. ರಾಜೇಗೌಡರು ಮಾತಾಡುತ್ತಿದ್ದರು.

ಮೊದಲು ಒಂಟೆಯ ಬಗ್ಗೆ ಒಂದು ಮಾತು ಆಡಿದರು, ನಾವು ಬೆರಗಾದೆವು. ಆಮೇಲೆ ಕಾರ್ಖಾನೆಯ ವಾಲ್ವುಗಳು, ಹೈಸ್ಕೂಲಿನ ಕಬಡ್ಡಿ, ಮದುವೆಯಲ್ಲಿ ಪಾಯಸಕ್ಕೆ ಸಕ್ಕರೆ ಕಮ್ಮಿಯಾದದ್ದು, ಅದಕ್ಕೆ ಯಾರು ಹೊಣೆ ಎಂಬುದು. ಸ್ಟಿಯರಿಂಗ್ ಮೇಲೆ ಬೆರಳು ತಾಳ ಹಾಕುತ್ತಿತ್ತು. "ಏನಾಯ್ತಕ್ಕ ಇವ್ರಿಗೆ?" ಎಂದು ವಸಂತ ಪಿಸುಗುಟ್ಟಿದಳು. ಅನನ್ಯ ಹಿಂದಿನಿಂದ, "ಅಪ್ಪಾ ಈಸ್ ಬ್ರೋಕನ್" ಎಂದಳು.

ಹಸಿರುಮನೆಗಳ ಎದುರಿನ ಅಂಗಡಿಯಲ್ಲಿ ನಾನು ಸೌತೆಕಾಯಿ ಆರಿಸುತ್ತಿದ್ದಾಗ ಎಮೆಕಾನ ಫೋನು ಬಂತು. ರಾಜೇಗೌಡರು ಎಲ್ಲರಿಗೂ ಕೇಳುವಂತೆ ಹಿಡಿದರು.

"ರಾಜ್ ಭಾಯಿ, ವಫ್ರಾದಲ್ಲಿದ್ದೀಯಲ್ಲ? ಅಲ್ಲೊಂದು ತೋಟದಲ್ಲಿ ನಮ್ಮ ದೇಶದವನೊಬ್ಬ ಇದ್ದಾನಂತೆ. ಕೋಲಾ ಇದೆಯಾ ಕೇಳಿ ನೋಡು. ಒಂದೇ ಆದರೂ ಸಾಕು."

"ನಿಮ್ಮನೇಲಿತ್ತಲ್ಲ?"

"ನಾಲ್ಕಿತ್ತು. ಇವತ್ತಿಗೇ ಅಂತ ನಾದಿನಿ ಊರಿಂದ ತಂದಿದ್ದಳು. ಹುಳ ಬಿದ್ದಿತ್ತು, ಎಸೆದೆ ಅಂತಾಳೆ ನ್ಗೋಜಿ. ಬೆಳಗ್ಗೆಯಿಂದ ಗೊತ್ತಿದ್ದವರಿಗೆಲ್ಲ ಫೋನು ಮಾಡಿದೆ, ಯಾರ ಹತ್ತಿರವೂ ಇಲ್ಲ. ಆ ಹಿರಿಯ ಕೋಲಾ ಇಲ್ಲದೆ ಬಾಯಿ ಬಿಡುವವನಲ್ಲ. ನಾಳೆ ವಿಮಾನ ಹತ್ತುತ್ತಾನೆ. ಮತ್ತೆ ಯಾವಾಗ ಬರುತ್ತಾನೋ! ಅಡಾ ಬೆಳಗ್ಗೆಯಿಂದ ಅಳ್ತಾ ಕೂತಿದ್ದಾಳೆ."

ಸೌತೆಕಾಯಿ ನನ್ನ ಕೈಯಲ್ಲೇ ಉಳಿಯಿತು. ಬುಧವಾರ ನ್ಗೋಜಿ ಚಾಚಿದ್ದು ತಾಂಬೂಲವಲ್ಲ, ನೋಡಲು ಹಿಡಿದ ತಟ್ಟೆ. ಈಗ ಅದೆಲ್ಲ ಒಟ್ಟಿಗೇ ತಲೆಗೆ ಬಂತು. ಅತಿಥಿ ಕೈಯಾರೆ ತೆಗೆದುಕೊಂಡದ್ದನ್ನು ವಾಪಸು ಕೇಳಲಾರದೆ ಆ ಹೆಂಗಸು ಗಂಡನ ಹತ್ತಿರ ಸುಳ್ಳು ಹೇಳಿದ್ದಳು. ಮಗಳ ಮದುವೆಯ ಮಾತು ನಿಂತರೂ ನನ್ನ ಹೆಸರು ಹೇಳಿರಲಿಲ್ಲ. ನನಗೆ ಅಂಗಡಿಯ ಮಧ್ಯದಲ್ಲೇ ಕಣ್ಣಲ್ಲಿ ನೀರು ಬಂತು. ನಾಚಿಕೆಯೂ ಆಯಿತು.

"ನಾನೇ ತಗೊಂಡ್ಬಂದ್ಬುಟ್ಟಿದೀನಿ" ಎಂದೆ. "ದೇವ್ರ ಗೂಡಲ್ಲಿ ಅವೆ. ನಡೀರಿ, ನಡೀರಿ!"

"ಅಯ್ಯೋ ಅಕ್ಕ! ತಾಂಬೂಲ ಅಂತ ಬಾಚ್ಕೊಂಡ್ ಬಂದ್ಯಾ?" ವಸಂತ ತಲೆ ಮೇಲೆ ಕೈಹೊತ್ತಳು.

ಅಷ್ಟರಲ್ಲಿ ರಾಜೇಗೌಡರ ಮಾತು ನಿಂತುಹೋಗಿತ್ತು. ಅವರು ಸೌತೆಕಾಯಿಗಳ ಕಡೆ ನೋಡುತ್ತ ಹೇಳಿದರು: "ಅಕ್ಕ, ನಾಲ್ಕಿಲ್ಲ. ಮೂರವೆ."

ಬೆಳಗ್ಗೆ ಕೈಮುಗಿಯಲು ಹೋದವರ ಕಣ್ಣಿಗೆ ಅದು ಬಿದ್ದಿತ್ತು. ಅಡಿಕೆಯ ಜಾತಿಯದೇ ಇರಬೇಕು, ಡಾಕ್ಟರು ಅಡಿಕೆ ಬೇಡ ಅಂದಿದ್ದಾರೆಯೇ ಹೊರತು ಇದನ್ನಲ್ಲ ಎಂದು ಒಂದನ್ನು ಪೂರ್ತಿ ಜಗಿದಿದ್ದರು. ಕಾಫಿಯಲ್ಲಿರುವ ಚುರುಕು ಆ ಕಾಯಿಯಲ್ಲೂ ಇದೆ ಎಂಬುದು ನಮಗೆಲ್ಲ ಆಮೇಲೆ ತಿಳಿದದ್ದು. ಕಬಡ್ಡಿ, ಪಾಯಸಗಳ ಮೂಲ ಅದು.

ಮತ್ತೆ ಐದನೇ ಮಹಡಿ

ಮೂರು ಕಾಯಿಗಳು ಗಣಪತಿಯ ಮುಂದೆ ಸುರಕ್ಷಿತವಾಗಿದ್ದವು, ಮೈತುಂಬ ಅರಿಶಿನ ಕುಂಕುಮ ಹೊತ್ತು.

"ದೇವ್ರಿಗಿಟ್ಟಿದ್ನ ಹೆಂಗಕ್ಕ ವಾಪಸ್ ತಗೊಳದು?" ಎಂದಳು ವಸಂತ.

"ನಾನ್ ಹೇಳ್ಕೋತೀನಿ ಸುಮ್ನಿರು" ಎಂದು ಮೂರು ಬಾಳೆಹಣ್ಣು ಇಟ್ಟು ಮೂರು ಕಾಯಿ ಎತ್ತಿಕೊಂಡೆ. ಗಣಪತಿಗೆ ನಷ್ಟವೇನೂ ಆಗಲಿಲ್ಲ.

ತೊಳೆಯುವುದು ಕಷ್ಟವಾಯಿತು. ಕುಂಕುಮ ಹೋಯಿತು. ಅರಿಶಿನ ಜಪ್ಪಯ್ಯ ಎನ್ನಲಿಲ್ಲ. ನಿಂಬೆಹುಳಿ ಹಚ್ಚಿದೆವು, ಅನನ್ಯಳ ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆವು. ನಸುಗೆಂಪು ಕಾಯಿಗಳು ಅರಿಶಿನ ಶಾಸ್ತ್ರ ಮುಗಿಸಿದ ಮದುಮಕ್ಕಳ ಹಾಗೆ ಹಳದಿಯಾಗಿಯೇ ಉಳಿದವು. ಹೊತ್ತಾಗುತ್ತಿತ್ತು. ಸೆರಗಿನಲ್ಲಿ ಕಟ್ಟಿಕೊಂಡು ಹೊರಟೆ. ಲಿಫ್ಟು ಆಗಲೇ ಕೆಟ್ಟಿರಬೇಕೆ?

ಮತ್ತೆ ಏಳನೇ ಮಹಡಿ

ಏದುಸಿರು ಬಿಡುತ್ತ ಅಡಿಗೆಮನೆಗೆ ನುಗ್ಗಿ ಸೆರಗು ಬಿಚ್ಚಿದೆ. ನ್ಗೋಜಿ ಒಂದು ಕ್ಷಣ ಕಾಯಿಗಳನ್ನು ನೋಡಿದಳು, ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ನನ್ನನ್ನು ತಬ್ಬಿಕೊಂಡು ನಗತೊಡಗಿದಳು. ನಗುತ್ತಲೇ ಅಳುತ್ತಿದ್ದಳು. ಹಜಾರದಲ್ಲಿ ಆಗಲೇ ಹುಡುಗನ ಕಡೆಯವರು ಕೂತಿದ್ದರು, ಯಾರೂ ಮಾತಾಡುತ್ತಿರಲಿಲ್ಲ.

ಒಬಿನ್ನಾನ ದೊಡ್ಡಪ್ಪ ಕೆಂಪು ಟೋಪಿ ಹಾಕಿ, ಕೈಕೋಲಿನ ಮೇಲೆ ಗಲ್ಲ ಊರಿ, ಗೋಡೆಯ ಗಡಿಯಾರವನ್ನು ನೋಡುತ್ತಿದ್ದರು. ಎಮೆಕಾ ತಟ್ಟೆಯನ್ನು ತಂದಾಗ ಎಲ್ಲರ ಮುಖಕ್ಕೆ ಜೀವ ಬಂತು. ತಟ್ಟೆ ಒಬ್ಬರಿಂದ ಒಬ್ಬರಿಗೆ ಸುತ್ತಿತು. ನಾನು ಬರೆದಿದ್ದ ವಾಕ್ಯ ನನ್ನ ಕಣ್ಣೆದುರಿಗೇ ನಡೆಯುತ್ತಿತ್ತು. ನಾನು ಹೆಂಗಸರ ಸಾಲಿನಲ್ಲಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ. ಕೈಯನ್ನು ನಂಬುವ ಹಾಗಿರಲಿಲ್ಲ.

ದೊಡ್ಡಪ್ಪ ಒಂದು ಕಾಯಿಯನ್ನು ಬೆಳಕಿಗೆ ಹಿಡಿದರು. "ಇದೇಕೆ ಹಳದಿ?"

ಅಡಾ ಕಣ್ಣು ಮುಚ್ಚಿಕೊಂಡಳು. ನ್ಗೋಜಿ ಮತ್ತೊಂದು ಸುಳ್ಳಿಗೆ ಬಾಯಿ ತೆರೆಯುವುದು ಕಂಡಿತು. ಕಾಯಿ ಒಡೆಯುವ ಮೊದಲು ಹೊರಗಿನ ಹೆಂಗಸೊಬ್ಬಳು ಮಾತಾಡಬಹುದೋ ಇಲ್ಲವೋ, ಕಾದಂಬರಿಯಲ್ಲಿ ಎಲ್ಲೂ ಇರಲಿಲ್ಲ. ನಾನು ಎದ್ದುನಿಂತೆ. ತಾಂಬೂಲದಿಂದ ಹಿಡಿದು ಹಲ್ಲುಜ್ಜುವ ಬ್ರಷ್ಷಿನವರೆಗೆ ಎಲ್ಲವನ್ನೂ ಹೇಳಿದೆ.

ಮುದುಕರು ಗಲ್ಲವನ್ನು ಕೋಲಿನಿಂದ ಎತ್ತಲಿಲ್ಲ. "ನಿಮ್ಮ ದೇವರ ಮುಂದೆ ಇಟ್ಟು ಪ್ರಾರ್ಥನೆಯನ್ನೂ ಮಾಡಿದಿರಾ?"

"ಮಾಡಿದೆ."

"ಏನಂತ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ವಧೂವರರಿಗೆ ಒಳ್ಳೆಯದಾಗಲಿ ಅಂತ ಎನ್ನಬಹುದಿತ್ತು. "ನನ್ನ ಪುಸ್ತಕ ಬೇಗ ಮುಗೀಲಿ ಅಂತ" ಎಂದುಬಿಟ್ಟೆ.

ಯಾರೋ ಕೆಮ್ಮಿದರು. ಒಬಿನ್ನಾ ನೆಲ ನೋಡಿದ. ಒಂದು ಕೋರಿಕೆಗೆ ಬಳಸಿದ ಕಾಯಿಯನ್ನು ಇನ್ನೊಂದು ಕೋರಿಕೆಗೆ ಒಡೆಯಬಹುದೇ? ಅದೇ ಪ್ರಶ್ನೆ ಎಲ್ಲರ ಮುಖದಲ್ಲೂ ಇತ್ತು. ಮುದುಕರು ಯೋಚಿಸಿದರು.

"ಯಾವ ಭಾಷೆಯಲ್ಲಿ ಬೇಡಿಕೊಂಡಿರಿ?"

"ಕನ್ನಡದಲ್ಲಿ."

"ಅದೇನದು?"

"ನಮ್ಮ ಭಾಷೆ."

ಅವರ ಮುಖ ಬಿಚ್ಚಿಕೊಂಡಿತು. ನೆಟ್ಟಗೆ ಕೂತು ಸಭೆಯ ಕಡೆಗೆ ತಿರುಗಿದರು. "ಕೋಲಾಕ್ಕೆ ಇಗ್ಬೊ ಒಂದೇ ಬರುವುದು. ಇಂಗ್ಲಿಷೇ ಬರುವುದಿಲ್ಲ, ಇನ್ನು ಈ ತಾಯಿಯ ಕನ್ನಡ ಎಲ್ಲಿಂದ ಬರಬೇಕು? ಇವರು ಹೇಳಿದ ಒಂದು ಮಾತೂ ಇದಕ್ಕೆ ಅರ್ಥವಾಗಿಲ್ಲ. ಇದು ಯಾರೂ ಪ್ರಾರ್ಥಿಸದ, ಹೊಚ್ಚ ಹೊಸ ಕೋಲಾ. ಸ್ವಲ್ಪ ಹಳದಿ, ಅಷ್ಟೇ."

ಹಜಾರವೆಲ್ಲ ಹೋ ಎಂದಿತು. ಆ ನಗೆಯಲ್ಲಿ ನನಗೆ ಮಾತ್ರ ಸಣ್ಣಗೆ ಚುರುಕ್ಕೆಂದಿತು. ಕನ್ನಡ ಬಾರದ ಕಾಯಿಯನ್ನು ಒಂದು ಇಡೀ ಕಾದಂಬರಿಯಲ್ಲಿ ಕನ್ನಡ ಮಾತಾಡಿಸಲು ಹೊರಟವಳು ನಾನು.

ಎಮೆಕಾ ಪ್ರಾರ್ಥನೆಯನ್ನು ಹಿರಿಯರಿಗೇ ಬಿಟ್ಟ. ಅವರು ಇಗ್ಬೊದಲ್ಲಿ ಶುರು ಮಾಡಿದರು. ಒಂದೊಂದು ಸಾಲಿಗೂ ಉಳಿದವರು ಒಟ್ಟಿಗೆ ದನಿಗೂಡಿಸುತ್ತಿದ್ದರು. ಒಂದಕ್ಷರ ತಿಳಿಯದಿದ್ದರೂ ಯಾರ್ಯಾರಿಗಾಗಿ ಬೇಡುತ್ತಿದ್ದಾರೆಂದು ಗೊತ್ತಾಗುತ್ತಿತ್ತು: ಅಡಾಳ ಕಡೆ ಕೈ ಹೋಯಿತು, ಒಬಿನ್ನಾನ ಕಡೆ ಹೋಯಿತು, ಸತ್ತವರಿಗಾಗಿ ನೆಲದ ಕಡೆ ಹೋಯಿತು. ಕಾಯಿ ಒಡೆದಾಗ ನಾಲ್ಕು ಹೋಳಾಯಿತು. ಎಲ್ಲರೂ ಸಂತೋಷದಿಂದ ಕೂಗಿದರು. ಅವರ ವಾರಕ್ಕೆ ನಾಲ್ಕೇ ದಿನ, ದಿನಕ್ಕೊಂದು ಸಂತೆ. ನಾಲ್ಕು ಹೋಳೆಂದರೆ ಶುಭ. ಅದು ನನಗೆ ಪುಸ್ತಕದಿಂದ ಗೊತ್ತಿತ್ತು. ಅಡಾ ಮುಖ ಮುಚ್ಚಿಕೊಂಡು ಒಳಗೆ ಓಡಿದ್ದು ಪುಸ್ತಕದಲ್ಲಿರಲಿಲ್ಲ.

"ನಾಲ್ಕನೇ ಕಾಯಿ ತಿಂದವರು ಹೇಗಿದ್ದಾರೆ?" ಎಂದು ದೊಡ್ಡಪ್ಪ ಕೇಳಿದರು.

"ಬೆಳಗ್ಗೆಯಿಂದ ಬಾಯಿ ಮುಚ್ಚಿಲ್ಲ" ಎಂದೆ.

"ಹಾಗಾದರೆ ಮದುವೆಗೆ ಅವರನ್ನೂ ಕರೆಯಿರಿ. ನಮ್ಮ ಕಡೆ ಮಾತಾಡುವವರು ಕಡಿಮೆ."

ನನ್ನ ಪಾಲಿಗೊಂದು ಚೂರು ಬಂತು. ಮೊದಲು ಕಹಿ, ಬಾಯೆಲ್ಲ ಒಗರು. ಮೇಲೆ ನೀರು ಕುಡಿದರೆ ನೀರೇ ಸಿಹಿ. ಇದು ಅಡಿಕೆಯಲ್ಲ. ಯಾವ ಕಡೆಯಿಂದ ನೋಡಿದರೂ ಅಲ್ಲ. ಅಡಿಕೆ ಎಂದು ಬರೆದ ಕಡೆಯಲ್ಲೆಲ್ಲ ಕೋಲಾ ಎಂದೇ ತಿದ್ದುವುದೆಂದು ಅಲ್ಲೇ ತೀರ್ಮಾನ ಮಾಡಿದೆ. ಓದುವವರು ಬಾಟಲಿ ಅಂದುಕೊಂಡರೆ ಅಂದುಕೊಳ್ಳಲಿ.

ಹೊರಡುವ ಹೊತ್ತಿಗೆ ತಟ್ಟೆಯಲ್ಲಿ ಎರಡು ಕಾಯಿ ಉಳಿದಿದ್ದವು. ಒಂದನ್ನು ಹುಡುಗನ ಕಡೆಯವರಿಗೆ ಕೊಟ್ಟರು. ಇನ್ನೊಂದನ್ನು ದೊಡ್ಡಪ್ಪನೇ ತಟ್ಟೆಯಲ್ಲಿಟ್ಟು ನನ್ನ ಮುಂದೆ ಹಿಡಿದರು. ನಾನು ಈಗ ಪಾಠ ಕಲಿತವಳು. ಬೆರಳ ತುದಿಯಿಂದ ಮುಟ್ಟಿದೆ, ತಲೆ ಬಾಗಿಸಿದೆ, ತಟ್ಟೆಯನ್ನು ಗಂಭೀರವಾಗಿ ಅವರ ಕಡೆಗೇ ತಳ್ಳಿದೆ.

ದೊಡ್ಡಪ್ಪ ಎಮೆಕಾನ ಕಡೆ ತಿರುಗಿದರು. "ತೋರಿಸಿದಾಗ ಒಯ್ಯುತ್ತಾರೆ, ಕೊಟ್ಟಾಗ ಬೇಡ ಅನ್ನುತ್ತಾರೆ. ನಮ್ಮ ಪುಸ್ತಕ ಅನುವಾದ ಮಾಡುತ್ತಿರುವುದು ಇವರೇ ಏನು?"

ದೂರದಿಂದ ಬಂದ ಅತಿಥಿಗೆ ಒಡೆಯದ ಒಂದು ಕಾಯಿಯನ್ನು ಮನೆಗೆ ಕೊಟ್ಟು ಕಳಿಸುವುದು ಅವರ ಪದ್ಧತಿಯಂತೆ. ನಾನಿನ್ನೂ ಆ ಅಧ್ಯಾಯಕ್ಕೆ ಬಂದಿರಲಿಲ್ಲ. ನ್ಗೋಜಿ ಎದ್ದುಬಂದು ನನ್ನ ವ್ಯಾನಿಟಿ ಬ್ಯಾಗನ್ನು ತಾನೇ ತೆಗೆದು, ಕಾಯಿ ಹಾಕಿ, ಜಿಪ್ಪು ಎಳೆದು, ನನ್ನ ಕಂಕುಳಿಗೆ ಸಿಕ್ಕಿಸಿದಳು.

"ಇದು ನಿಮ್ಮದೇ ಆಂಟಿ. ಊರಿಗೆ ಒಯ್ಯಿರಿ. ಎಲ್ಲಿಂದ ಬಂತು ಅಂತ ನಿಮ್ಮವರಿಗೆಲ್ಲ ಹೇಳಬೇಕು, ಮರೀಬೇಡಿ."

ಹೇಳಿದ್ದೇನೆ.